ಪುಟಗಳೇನೋ ಬಂದವು, ಪದಸೂಚಿ ಎಲ್ಲಿ?

ವಿಜ್ಞಾನದ ಪರಾಮರ್ಶನ ಗ್ರಂಥಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿರುವ ಗ್ರಂಥಾಲಯಗಳ, ವಿದ್ವತ್ ಸಂಸ್ಥೆಗಳ, ಪ್ರಕಾಶನಗಳ ಮುಖ್ಯಸ್ಥರಿಗೆ, ಸಂಪಾದಕರಿಗೆ ಹಾಗೂ ತಂತ್ರಜ್ಞರಿಗೆ ಬಹಿರಂಗ ಪತ್ರ

ಮಾನ್ಯರೇ,

ಸಸ್ಯವರ್ಣನೆಯ ಸಂಪುಟ, ರಸಾಯನಶಾಸ್ತ್ರದ ಕೈಪಿಡಿ, ಗಣಿತದ ಕೋಷ್ಟಕ, ಪಾರಿಭಾಷಿಕ ಪದಕೋಶ: ಇವನ್ನು ಯಾರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದಿಲ್ಲ. ಒಂದು ದ್ರವದ ಕುದಿಬಿಂದು ಬೇಕಾಗಿರುತ್ತದೆ, ಒಂದು ಗಿಡದ ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದರಂತಿವೆಯೋ ನೋಡಬೇಕಿರುತ್ತದೆ, ಒಂದು ಸಮೀಕರಣದಲ್ಲಿ ಪ್ಲಸ್ ಇದೆಯೋ ಮೈನಸ್ ಇದೆಯೋ ಖಾತ್ರಿಪಡಿಸಿಕೊಳ್ಳಬೇಕಿರುತ್ತದೆ. ತೆರೆದು, ನೋಡಿ, ಬರೆದುಕೊಂಡು, ಮುಚ್ಚುತ್ತೇವೆ. ಮುದ್ರಿತ ಪುಸ್ತಕ ಕೈಯಲ್ಲಿದ್ದರೆ ಒಂದೆರಡು ನಿಮಿಷದ ಕೆಲಸ. ಅದೇ ಪುಸ್ತಕ ನಿಮ್ಮ ತಾಣಗಳಲ್ಲಿ ಸಿಕ್ಕಾಗ ಎಷ್ಟೋ ಸಲ ಅರ್ಧ ಗಂಟೆ ಕಳೆದರೂ ಬೇಕಾದ ಸಾಲು ಕೈಗೆ ಹತ್ತುವುದಿಲ್ಲ. ಪುಸ್ತಕ ಕಣ್ಣೆದುರೇ ಇದೆ, ಉತ್ತರ ಅದರೊಳಗೇ ಇದೆ ಎಂಬುದೂ ಗೊತ್ತು. ಆದರೂ ಕನ್ನಡಿಯೊಳಗಿನ ಗಂಟು.

ನಿಮ್ಮ ಶ್ರಮವನ್ನು ಕಡೆಗಣಿಸಿ ಇದನ್ನು ಬರೆಯುತ್ತಿಲ್ಲ. ಮುಟ್ಟಿದರೆ ಮುರಿಯುವ ಹಾಳೆಗಳನ್ನು ಒಂದೊಂದಾಗಿ ತಿರುವಿ ಸ್ಕ್ಯಾನ್ ಮಾಡುವುದು ಎಂಥ ತಾಳ್ಮೆಯ ಕೆಲಸವೆಂದು ಬಲ್ಲೆವು. ನಮ್ಮ ತಕರಾರು ಇರುವುದು ಅಲ್ಲಿಂದ ಮುಂದಿನ ಹೆಜ್ಜೆಯ ಬಗ್ಗೆ. ಇಷ್ಟು ಸಾವಿರ ಸಂಪುಟ ಏರಿಸಿದೆವು, ಇಷ್ಟು ಲಕ್ಷ ಪುಟವಾಯಿತು ಎಂಬ ಲೆಕ್ಕ ವಾರ್ಷಿಕ ವರದಿಗಳಲ್ಲಿ ಕಾಣುತ್ತದೆ. ಆದರೆ ಪರಾಮರ್ಶನ ಗ್ರಂಥವನ್ನು ಅಳೆಯಬೇಕಾದದ್ದು ಪುಟದಿಂದಲ್ಲ, ನಮೂದಿನಿಂದ. ಒಂದು ಜಾತಿ, ಒಂದು ಪದಾರ್ಥ, ಒಂದು ಪದ, ಒಂದು ಸಮೀಕರಣ, ಒಂದು ಕೋಷ್ಟಕದ ಸಾಲು: ಇವುಗಳಲ್ಲಿ ಎಷ್ಟಕ್ಕೆ ಹೊರಗಿನಿಂದ ನೇರ ದಾರಿ ಇದೆ? ಆ ಲೆಕ್ಕವನ್ನು ಯಾರೂ ಕೊಡುತ್ತಿಲ್ಲ.

ಮೊದಲು ಪುಟಸಂಖ್ಯೆಯ ಗೋಳನ್ನೇ ಹೇಳುತ್ತೇವೆ, ಏಕೆಂದರೆ ಇದು ಅತ್ಯಂತ ಸಣ್ಣದು, ಅತ್ಯಂತ ಹೆಚ್ಚು ಕಾಡುವುದು. ಹಳೆಯ ಲೇಖನದ ಅಡಿಟಿಪ್ಪಣಿಯಲ್ಲಿ ‘ಸಂಪುಟ 2, ಪುಟ 97’ ಎಂದಿರುತ್ತದೆ. ಓದುಗ ನಿಮ್ಮ ವೀಕ್ಷಕದಲ್ಲಿ (ಪುಟಗಳನ್ನು ತೆರೆಗೆ ತರುವ ತಂತ್ರಾಂಶದಲ್ಲಿ) 97 ಎಂದು ಬರೆದರೆ ಇನ್ನಾವುದೋ ಪುಟ ತೆರೆಯುತ್ತದೆ. ಹೊದಿಕೆ ಮತ್ತು ಖಾಲಿ ಹಾಳೆಗಳು 4, ರೋಮನ್ ಅಂಕಿಯ ಮುನ್ನುಡಿ ಪುಟಗಳು 16 ಎಂದಿಟ್ಟುಕೊಂಡರೆ ಮುದ್ರಿತ 1ನೇ ಪುಟ ಸ್ಕ್ಯಾನಿನ 21ನೇ ಚಿತ್ರವಾಗಿರುತ್ತದೆ. ಹಾಗಾದರೆ 20 ಕೂಡಿಸಿದರಾಯಿತಲ್ಲ ಎನ್ನಬಹುದು. 96ನೇ ಪುಟದವರೆಗೆ ಆ ಲೆಕ್ಕ ಸರಿ, ಅದು 116ನೇ ಚಿತ್ರ. ಅಲ್ಲಿ ಪುಟಸಂಖ್ಯೆ ಇಲ್ಲದ ಒಂದು ಚಿತ್ರಫಲಕವೂ ಅದರ ಖಾಲಿ ಬೆನ್ನೂ ಬಂದರೆ 97ನೇ ಪುಟ 119ನೇ ಚಿತ್ರವಾಗುತ್ತದೆ. ಫಲಕ ಬಂದಾಗಲೆಲ್ಲ ಅಂತರ ಬೆಳೆಯುತ್ತ ಹೋಗುತ್ತದೆ. ಎರಡು ಸಂಪುಟಗಳನ್ನು ಒಟ್ಟಿಗೆ ಹೊಲಿದಿದ್ದರಂತೂ ಒಂದೇ ಕಡತದಲ್ಲಿ 97ನೇ ಪುಟ ಎರಡು ಸಲ ಬರುತ್ತದೆ.

ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಡ. ಒಂದು ಸಂಪುಟಕ್ಕೆ ಒಂದು ಸಾದಾ ಪಟ್ಟಿ ಸಾಕು: ಚಿತ್ರದ ಸಂಖ್ಯೆ, ಸಂಪುಟ, ಮುದ್ರಿತ ಪುಟಸಂಖ್ಯೆ, ಆ ಪುಟದ ಬಗೆ (ಪಠ್ಯ, ಫಲಕ, ಪದಸೂಚಿ, ಒಪ್ಪೋಲೆ ಎಂಬ ತಪ್ಪು-ಒಪ್ಪುಗಳ ಪಟ್ಟಿ, ಖಾಲಿ). 600 ಪುಟದ ಪುಸ್ತಕವಾದರೂ ಸಂಖ್ಯೆಗಳು ಬಹುಪಾಲು ತಾವಾಗಿಯೇ ತುಂಬಿಕೊಳ್ಳುತ್ತವೆ, ಫಲಕಗಳು ಬಂದ ಕಡೆ ಮಾತ್ರ ಕೈಯಿಂದ ತಿದ್ದಬೇಕು. ಪಿಡಿಎಫ್ ಕಡತದಲ್ಲಿ ರೋಮನ್ ಅಂಕಿಯನ್ನೂ ಸೇರಿಸಿ ಮುದ್ರಿತ ಪುಟಸಂಖ್ಯೆಗಳನ್ನು ಅಂಟಿಸುವ ಸೌಲಭ್ಯ ಬಹಳ ವರ್ಷಗಳಿಂದ ಇದೆ, ಬಳಸುವವರು ವಿರಳ. ವೀಕ್ಷಕದ ಪೆಟ್ಟಿಗೆಯಲ್ಲಿ ಓದುಗ ಬರೆಯುವ ಸಂಖ್ಯೆ ಯಾವಾಗಲೂ ಮುದ್ರಿತ ಸಂಖ್ಯೆಯೇ ಆಗಿರಬೇಕು. ಚಿತ್ರದ ಸಂಖ್ಯೆ ನಿಮ್ಮ ಕಚೇರಿಯ ಒಳಲೆಕ್ಕ, ಅದನ್ನು ಓದುಗನ ತಲೆಗೆ ಕಟ್ಟಬೇಡಿ.

ಇನ್ನು ಪದಸೂಚಿ. ಪರಾಮರ್ಶನ ಗ್ರಂಥದ ಬೆಲೆಯ ಅರ್ಧ ಭಾಗ ಅದರ ಕೊನೆಯ ಇಪ್ಪತ್ತು ಪುಟಗಳಲ್ಲಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ವಿಷಯ ಬಲ್ಲವರೊಬ್ಬರು ಕೂತು, ಯಾವ ಹೆಸರಿನಿಂದ ಯಾರು ಹುಡುಕಿಯಾರು ಎಂದು ಯೋಚಿಸಿ ಮಾಡಿಟ್ಟ ದಾರಿಗಳವು. ಆ ಪುಟಗಳನ್ನು ನೀವು ಉಳಿದ ಪುಟಗಳಂತೆಯೇ ಚಿತ್ರ ತೆಗೆದು, ಚಿತ್ರದಲ್ಲಿನ ಅಕ್ಷರಗಳನ್ನು ಯಂತ್ರದಿಂದ ಪಠ್ಯವಾಗಿಸುವ ಓಸಿಆರ್‌ಗೆ ಒಪ್ಪಿಸಿ, ಕೈತೊಳೆದುಕೊಳ್ಳುತ್ತೀರಿ. ಓಸಿಆರ್ ಅತಿ ಹೆಚ್ಚು ಎಡವುವುದೇ ಅಲ್ಲಿ. ಎರಡು ಕಾಲಂಗಳನ್ನು ಒಂದೇ ಸಾಲಾಗಿ ಅಡ್ಡಕ್ಕೆ ಓದಿಬಿಡುತ್ತದೆ, ಎಡಗಡೆಯ ಹೆಸರಿಗೆ ಬಲಗಡೆಯ ಸಂಖ್ಯೆ ಗಂಟುಬೀಳುತ್ತದೆ. ದಪ್ಪ ಅಕ್ಷರದ ಪುಟಸಂಖ್ಯೆ ಎಂದರೆ ಮುಖ್ಯ ವಿವರಣೆ ಅಲ್ಲಿದೆ ಎಂದರ್ಥ, ಓರೆ ಅಕ್ಷರದ ಹೆಸರು ಎಂದರೆ ಅದು ಈಗ ಬಳಕೆಯಲ್ಲಿಲ್ಲದ ಪರ್ಯಾಯ ಹೆಸರು ಎಂದರ್ಥ. ಈ ದಪ್ಪ, ಓರೆಗಳು ಓಸಿಆರ್ ಪಠ್ಯದಲ್ಲಿ ಸಾಮಾನ್ಯವಾಗಿ ಉಳಿಯುವುದೇ ಇಲ್ಲ. ಒಂದು ಮುಖ್ಯಪದದ ಕೆಳಗೆ ಒಳಸರಿದು ಬಂದ ಉಪಪದಗಳು ತಾಯಿಯಿಂದ ಕಳಚಿಕೊಂಡು ಅನಾಥವಾಗುತ್ತವೆ.

ಆದ್ದರಿಂದ ನಮ್ಮ ಕೋರಿಕೆ: ಪದಸೂಚಿಯನ್ನು ಕೈಯಿಂದ ಟೈಪ್ ಮಾಡಿಸಿ. ಪುಟಕ್ಕೆ ಎರಡು ಕಾಲಂ, ಕಾಲಂಗೆ 60 ಸಾಲು, 20 ಪುಟ ಎಂದರೆ 2,400 ಸಾಲು. ಒಬ್ಬರು ಟೈಪ್ ಮಾಡಿ ಇನ್ನೊಬ್ಬರು ತಾಳೆ ನೋಡಿದರೆ ಕೆಲವೇ ದಿನಗಳಲ್ಲಿ ಮುಗಿಯುವಂಥದ್ದು. ಪ್ರತಿ ಸಾಲಿನಲ್ಲಿ ಮುಖ್ಯಪದ, ಉಪಪದ, ಪುಟಸಂಖ್ಯೆ, ಅಕ್ಷರದ ಬಗೆ ಎಂಬ ನಾಲ್ಕು ಕಾಲಂ ಇರಲಿ. ಇದನ್ನು ಮೇಲೆ ಹೇಳಿದ ಪುಟಗಳ ಪಟ್ಟಿಗೆ ಜೋಡಿಸಿದ ದಿನವೇ ಇಡೀ ಪುಸ್ತಕದ ಪದಸೂಚಿ ಕ್ಲಿಕ್ ಮಾಡಿ ಹೋಗುವಂತಾಗುತ್ತದೆ. ಒಳಗಿನ ಪಠ್ಯದ ಓಸಿಆರ್ ಎಷ್ಟು ಕೆಟ್ಟಿದ್ದರೂ ಓದುಗನಿಗೆ ಪುಟ ಸಿಗುತ್ತದೆ, ಚಿತ್ರವನ್ನು ಅವನೇ ಕಣ್ಣಿನಿಂದ ಓದಿಕೊಳ್ಳುತ್ತಾನೆ. ‘ನಮ್ಮಲ್ಲಿ ಹುಡುಕುವ ಪೆಟ್ಟಿಗೆ ಇದೆಯಲ್ಲ, ಪದಸೂಚಿ ಏಕೆ’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಹುಡುಕುವ ಪೆಟ್ಟಿಗೆ ಪದ ಬಂದ ಎಲ್ಲ ಪುಟಗಳನ್ನೂ ತಂದು ಸುರಿಯುತ್ತದೆ, ಪದಸೂಚಿ ಬೇಕಾದ ಪುಟವನ್ನು ತೋರಿಸುತ್ತದೆ. ತಾಮ್ರ ಎಂದು ಹುಡುಕಿ ನಾನ್ನೂರು ಫಲಿತಾಂಶ ಕಂಡವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ.

ಹೆಸರುಗಳ ಬದಲಾವಣೆ ಇನ್ನೊಂದು ಜಟಿಲ ಸಂಗತಿ. ನಮಗೆಲ್ಲ ಗೊತ್ತಿರುವ ಕರಿಜಾಲಿಯನ್ನೇ ತೆಗೆದುಕೊಳ್ಳಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಮಿಮೋಸಾ ನಿಲೋಟಿಕಾ. ಹಳೆಯ ಸಸ್ಯಗ್ರಂಥಗಳಲ್ಲಿ ಅದು ಅಕೇಶಿಯಾ ಅರೇಬಿಕಾ, ಆಮೇಲಿನವುಗಳಲ್ಲಿ ಅಕೇಶಿಯಾ ನಿಲೋಟಿಕಾ. ಅಕೇಶಿಯಾ ಎಂಬ ಹೆಸರು ಆಸ್ಟ್ರೇಲಿಯದ ಗುಂಪಿಗೇ ಉಳಿಯಬೇಕೆಂದು 2005ರಲ್ಲಿ ವಿಯೆನ್ನಾದ ಸಸ್ಯವಿಜ್ಞಾನ ಸಮಾವೇಶದಲ್ಲಿ ತೀರ್ಮಾನವಾಗಿ, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ಈಗ ಈ ಮರ ವಚೇಲಿಯಾ ನಿಲೋಟಿಕಾ. ಇಂದಿನ ವಿದ್ಯಾರ್ಥಿಗೆ ಗೊತ್ತಿರುವುದು ಕೊನೆಯ ಹೆಸರು, ಗ್ರಂಥದಲ್ಲಿರುವುದು ಎರಡನೆಯದು. ಹುಡುಕಿದರೆ ‘ಫಲಿತಾಂಶವಿಲ್ಲ’ ಎಂದು ಬರುತ್ತದೆ. ಆ ಗಿಡದ ಬಗ್ಗೆ ಗ್ರಂಥದಲ್ಲಿ ಏನೂ ಇಲ್ಲವೆಂದು ಅವನು ನಂಬುತ್ತಾನೆ. ಗೊತ್ತಿಲ್ಲ ಎನ್ನುವುದಕ್ಕಿಂತ ಇಲ್ಲ ಎನ್ನುವುದು ದೊಡ್ಡ ತಪ್ಪು.

ಗ್ರಂಥದ ಮೂಲಪಠ್ಯವನ್ನು ತಿದ್ದಿ ಎಂದು ನಾವು ಕೇಳುತ್ತಿಲ್ಲ. ಮೂಲ ಇದ್ದ ಹಾಗೇ ಇರಲಿ. ಪಕ್ಕದಲ್ಲಿ ಹೆಸರುಗಳ ಒಂದು ಕೋಷ್ಟಕ ಇಡಿ: ಗ್ರಂಥದಲ್ಲಿರುವ ಹೆಸರು, ಈಗ ಒಪ್ಪಿತವಾದ ಹೆಸರು, ಹಾಗೆಂದು ಯಾವ ಆಧಾರದಿಂದ ಹೇಳುತ್ತಿದ್ದೀರಿ, ಯಾವ ದಿನ ತಾಳೆ ನೋಡಿದ್ದೀರಿ. ಹುಡುಕಿದಾಗ ‘ವಚೇಲಿಯಾ ನಿಲೋಟಿಕಾ ಎಂಬುದು ಈ ಗ್ರಂಥದಲ್ಲಿ ಅಕೇಶಿಯಾ ಅರೇಬಿಕಾ ಎಂದಿದೆ’ ಎಂದು ತೋರಿಸಿ ಕರೆದೊಯ್ಯಿರಿ. ಸದ್ದಿಲ್ಲದೆ ಎಳೆದೊಯ್ದು ಬೇರೆ ಹೆಸರಿನ ಪುಟದಲ್ಲಿ ನಿಲ್ಲಿಸಿದರೆ ಓದುಗ ಕಂಗಾಲಾಗುತ್ತಾನೆ. 2006ರಲ್ಲಿ ಶುರುವಾದ, ಜೀವವೈವಿಧ್ಯದ ಗ್ರಂಥಗಳ ಜಾಲಭಂಡಾರವಾದ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಓಸಿಆರ್ ಪಠ್ಯದಿಂದ ವೈಜ್ಞಾನಿಕ ಹೆಸರುಗಳನ್ನು ಹೆಕ್ಕಿ ಪುಟಪುಟಕ್ಕೂ ಜೋಡಿಸಿದೆ. ಆಗುವ ಕೆಲಸ ಎಂಬುದಕ್ಕೆ ಅದೇ ಸಾಕ್ಷಿ.

ಅಂಕಿಗಳ ವಿಚಾರಕ್ಕೆ ಬಂದರೆ ಅನಾನುಕೂಲದ ಮಾತು ಮುಗಿದು ಅಪಾಯದ ಮಾತು ಶುರುವಾಗುತ್ತದೆ. ಕಥೆಯ ಪುಸ್ತಕದಲ್ಲಿ ಓಸಿಆರ್ ಒಂದು ಅಕ್ಷರ ತಪ್ಪಿದರೆ ಓದುಗ ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತಾನೆ. ಕೈಪಿಡಿಯಲ್ಲಿ ಒಂದು ಚಿಹ್ನೆ ತಪ್ಪಿದರೆ ಅದು ತಪ್ಪೆಂದು ಗೊತ್ತಾಗುವುದೇ ಇಲ್ಲ. 25° ಎಂಬುದರ ಸೊನ್ನೆಯಂಥ ಚಿಹ್ನೆ ನಿಜವಾದ ಸೊನ್ನೆಯಾಗಿ 250 ಆಗುತ್ತದೆ. 10⁻³ರ ಮೇಲಂಕಿ ಕೆಳಗಿಳಿದು ಮೈನಸ್ ಬಿದ್ದುಹೋದರೆ 103. ಪ್ರಾಣಿವರ್ಣನೆಗಳಲ್ಲಿ ಹೆಣ್ಣಿಗೆ ಬಳಸುವ ♀ ಚಿಹ್ನೆ 9 ಆಗುವುದು ಮಾಮೂಲು. ‘3 ♀’ ಎಂದರೆ ಮೂರು ಹೆಣ್ಣು ಮಾದರಿಗಳು, ಓಸಿಆರ್ ಪಠ್ಯದಲ್ಲಿ ಅದು 39. ದಶಮಾಂಶ ಬಿಂದು ಮಸಿಯ ಚುಕ್ಕೆ ಎಂದುಕೊಂಡು ಮಾಯವಾಗುವುದಂತೂ ದಿನನಿತ್ಯದ ಮಾತು.

ಎಲ್ಲವನ್ನೂ ಕಣ್ಣಿನಿಂದ ತಾಳೆ ನೋಡಲು ಆಗದು, ಒಪ್ಪುತ್ತೇವೆ. ಆದರೆ ಅಂಕಿಗಳಿಗೆ ತಮ್ಮದೇ ಒಂದು ನಡಿಗೆ ಇದೆ, ಅದನ್ನು ಬಳಸಿ ತಪ್ಪನ್ನು ಯಂತ್ರದಿಂದಲೇ ಹಿಡಿಯಬಹುದು. ನೀರಿನ ಆವಿಯ ಒತ್ತಡ ಪಾದರಸದ ಮಿಲಿಮೀಟರ್‌ಗಳಲ್ಲಿ 20 ಡಿಗ್ರಿಗೆ 17.5, 25ಕ್ಕೆ 23.8, 30ಕ್ಕೆ 31.8. ಉಷ್ಣತೆ ಏರಿದಂತೆ ಇದೂ ಏರಲೇಬೇಕು. ನಡುವೆ 238 ಬಂದರೆ ಅಕ್ಕಪಕ್ಕದ ಸಾಲುಗಳ ವ್ಯತ್ಯಾಸ ತೆಗೆದ ಕ್ಷಣವೇ ಅದು ಎದ್ದು ಕಾಣುತ್ತದೆ. ಯಾವುದೇ ನಯವಾಗಿ ಏರುವ ಕೋಷ್ಟಕಕ್ಕೂ ಈ ವ್ಯತ್ಯಾಸದ ಪರೀಕ್ಷೆ ನಡೆಯುತ್ತದೆ. ಒಂದೇ ಒತ್ತಡದಲ್ಲಿ ಅಳೆದ ಕುದಿಬಿಂದು ದ್ರವನಬಿಂದುವಿಗಿಂತ ಕಡಿಮೆ ಎಂದಿದ್ದರೆ ಆ ಸಾಲನ್ನು ಕೆಂಪು ಮಾಡಿ. ರಾಸಾಯನಿಕಗಳಿಗೆ ಕೊಡುವ ಸಿಎಎಸ್ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಇರುವುದೇ ಪರೀಕ್ಷೆಗೆ. ನೀರಿನ ಸಂಖ್ಯೆ 7732-18-5. ಕೊನೆಯ 5 ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತ ಹೋಗಿ: 8, 2, 6, 12, 35, 42. ಕೂಡಿದರೆ 105, ಅದರ ಕೊನೆಯ ಅಂಕಿ 5. ತಾಳೆಯಾಯಿತು. ಓಸಿಆರ್ ಒಂದು ಅಂಕಿ ತಪ್ಪಿದ್ದರೆ ಬಹುತೇಕ ಇಲ್ಲೇ ಸಿಕ್ಕಿಬೀಳುತ್ತದೆ. ಕೆಲವೇ ಸಾಲಿನ ಪ್ರೋಗ್ರಾಂ ಇದು. ಪರೀಕ್ಷೆಗೆ ಒಳಪಡದ ಕೋಷ್ಟಕವಾದರೆ ‘ಈ ಅಂಕಿಗಳನ್ನು ತಾಳೆ ನೋಡಿಲ್ಲ, ಚಿತ್ರ ನೋಡಿ’ ಎಂದು ಮೇಲೆಯೇ ಬರೆದುಬಿಡಿ. ಅದರಲ್ಲಿ ನಾಚಿಕೆಯೇನಿಲ್ಲ.

ಕೋಷ್ಟಕಗಳ ವಿಷಯದಲ್ಲಿ ಇನ್ನೂ ಎರಡು ಮಾತು. ದೊಡ್ಡ ಕೋಷ್ಟಕಗಳು ಎದುರುಬದುರು ಎರಡು ಪುಟಗಳಲ್ಲಿ ಹರಡಿರುತ್ತವೆ, ಪದಾರ್ಥದ ಹೆಸರು ಎಡಪುಟದಲ್ಲಿ, ಅಂಕಿಗಳು ಬಲಪುಟದಲ್ಲಿ. ನಿಮ್ಮ ವೀಕ್ಷಕ ಒಂದು ಸಲಕ್ಕೆ ಒಂದೇ ಪುಟ ತೋರಿಸಿದರೆ ಬಲಪುಟ ಹೆಸರಿಲ್ಲದ ಅಂಕಿಗಳ ರಾಶಿಯಾಗುತ್ತದೆ. ಇಂಥ ಪುಟಗಳನ್ನು ಜೋಡಿಯೆಂದು ಪುಟಗಳ ಪಟ್ಟಿಯಲ್ಲೇ ಗುರುತು ಹಾಕಿ, ಜೋಡಿಯಾಗಿಯೇ ತೆರೆಯುವಂತೆ ಮಾಡಿ. ಎರಡನೆಯದು ಕಾಲಂನ ತಲೆಬರಹ. ರೇಖೀಯ ವಿಸ್ತರಣೆಯ ಕೋಷ್ಟಕದಲ್ಲಿ ತಾಮ್ರದ ಎದುರು 16.5 ಎಂದಿರುತ್ತದೆ, ತಲೆಬರಹದಲ್ಲಿ ವಿಸ್ತರಣಾಂಕದ ಚಿಹ್ನೆಯ ಹಿಂದೆ 10⁶ ಎಂದಿರುತ್ತದೆ. ಬೆಲೆಯನ್ನು 10⁶ರಿಂದ ಗುಣಿಸಿ ಮುದ್ರಿಸಿದ್ದೇವೆ ಎಂದು ಅದರ ಅರ್ಥ, ಹಾಗಾಗಿ ನಿಜವಾದ ಬೆಲೆ ಪ್ರತಿ ಕೆಲ್ವಿನ್‌ಗೆ 16.5×10⁻⁶. ಸಾಲನ್ನು ಮಾತ್ರ ಕತ್ತರಿಸಿ ಹುಡುಕಾಟದ ಫಲಿತಾಂಶವಾಗಿ ತೋರಿಸಿದಾಗ ತಲೆಬರಹ ಹಿಂದೆಯೇ ಉಳಿಯುತ್ತದೆ, ಅಥವಾ ಓದುಗ 10⁶ನ್ನು ಉಲ್ಟಾ ಗುಣಿಸುತ್ತಾನೆ. ಪ್ರತಿ ನಮೂದೂ ತನ್ನ ಮಾನ, ತನ್ನ ಗುಣಕ, ಅಳೆದ ಉಷ್ಣತೆ, ತನಗೆ ಅಂಟಿದ ನಕ್ಷತ್ರಚಿಹ್ನೆಯ ಅಡಿಟಿಪ್ಪಣಿ ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು. ಉದ್ದದ ಕೋಷ್ಟಕದಲ್ಲಿ ತಲೆಬರಹದ ಸಾಲು ತೆರೆಯ ಮೇಲ್ಗಡೆ ಅಂಟಿಕೊಂಡಿರಲಿ.

ಗಿಡ, ಪ್ರಾಣಿಗಳ ಜಾತಿಯನ್ನು ಹಂತಹಂತವಾಗಿ ಗುರುತಿಸುವ ಕೀಲಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಫ್ರೆಂಚ್ ನಿಸರ್ಗವಿಜ್ಞಾನಿ ಲಾಮಾರ್ಕ್ 1778ರಲ್ಲಿ ಫ್ರಾನ್ಸಿನ ಸಸ್ಯಗಳಿಗೆ ಬಳಸಿದ ಇಬ್ಬಗೆಯ ಕೀಲಿಯೇ ಇವತ್ತಿಗೂ ನಡೆದುಬಂದಿದೆ: ಎರಡು ಹೇಳಿಕೆಗಳಲ್ಲಿ ಒಂದನ್ನು ಒಪ್ಪು, ಅದು ತೋರಿಸಿದ ಸಂಖ್ಯೆಗೆ ಹೋಗು. ಒಂದು ಬಗೆಯ ಕೀಲಿಯಲ್ಲಿ ಪ್ರತಿ ಹಂತವೂ ಬಲಕ್ಕೆ ಸರಿಯುತ್ತ ಹೋಗುತ್ತದೆ, ಜೋಡಿಯ ಎರಡನೇ ಹೇಳಿಕೆ ಮೂರು ಪುಟ ಆಚೆ ಇರಬಹುದು. ಇನ್ನೊಂದರಲ್ಲಿ ಎರಡೂ ಹೇಳಿಕೆ ಒಂದರ ಕೆಳಗೊಂದು ಇರುತ್ತವೆ. ಮೊಬೈಲ್ ತೆರೆಯಲ್ಲಿ ಮೊದಲನೆಯದು ಪೂರ್ತಿ ಸೋಲುತ್ತದೆ. ಎಂಟನೇ ಹಂತಕ್ಕೆ ಬರುವಷ್ಟರಲ್ಲಿ ಸಾಲಿಗೆ ಎರಡೇ ಪದ ಹಿಡಿಯುತ್ತವೆ. ಪರದೆಗೆ ಎರಡನೇ ಬಗೆಗೆ ಬದಲಿಸಿ, ಜೋಡಿಯನ್ನು ಎಂದೂ ಒಡೆಯಬೇಡಿ. ಸಂಖ್ಯೆಗಳಿಗೆ ಮುಂದಕ್ಕೆ ಕೊಂಡಿ ಕೊಡುವವರು ಕೆಲವರಿದ್ದಾರೆ, ಹಿಂದಕ್ಕೆ ಕೊಡುವವರು ಕಾಣೆ. ಕೀಲಿ ಬಳಸುವವರಿಗೆ ಹಿಂದಿನ ದಾರಿಯೇ ಹೆಚ್ಚು ಬೇಕು, ಏಕೆಂದರೆ ತಪ್ಪು ಹಾದಿ ಹಿಡಿದದ್ದು ತಿಳಿಯುವುದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ. 14ನೇ ಜೋಡಿಯ ಪಕ್ಕದಲ್ಲಿ ‘9ರಿಂದ ಬಂದದ್ದು’ ಎಂದು ಆವರಣದಲ್ಲಿ ಹಾಕಿ. ಮೇಲ್ಗಡೆ ಇಲ್ಲಿಯವರೆಗೆ ಆರಿಸಿದ ಹೇಳಿಕೆಗಳ ಸಾಲು ಕಾಣಿಸಲಿ. ಕೀಲಿಯಲ್ಲಿ ಬರುವ ಪಾರಿಭಾಷಿಕ ಪದ ಮುಟ್ಟಿದರೆ ಅರ್ಥ ಅಲ್ಲೇ ತೆರೆದುಕೊಳ್ಳಲಿ, ಬೇರೆ ಪುಟಕ್ಕೆ ಎತ್ತಿ ಒಯ್ಯಬೇಡಿ.

ಹುಡುಕುವ ಪೆಟ್ಟಿಗೆಯ ಹಿಂದೆ ನಡೆಯಬೇಕಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿಯೇ ಅದು ಉಳಿದುಬಿಡುತ್ತದೆ. ನೋಡಲು ಒಂದೇ ಆಗಿದ್ದು ಸಂಕೇತದಲ್ಲಿ ಬೇರೆಯಾದ ಅಕ್ಷರಗಳು, ಲಿಪಿಗಳ ಅಕ್ಷರಗಳಿಗೆಲ್ಲ ಗಣಕದ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಬಹಳ ಇವೆ. ಮಾನಗಳ ಹಿಂದೆ ಬರುವ ಮೈಕ್ರೋ ಚಿಹ್ನೆಯೂ ಗ್ರೀಕಿನ ಮ್ಯೂ ಅಕ್ಷರವೂ ಬೇರೆ ಬೇರೆ ಸಂಕೇತಗಳು. ಆಂಗ್‌ಸ್ಟ್ರಾಂ ಎಂಬ ಉದ್ದದ ಮಾನದ ಚಿಹ್ನೆಯ ಕಥೆಯೂ ಹೀಗೆಯೇ. ಮೈನಸ್ ಚಿಹ್ನೆ, ಸಣ್ಣ ಅಡ್ಡಗೆರೆ, ಉದ್ದ ಅಡ್ಡಗೆರೆ ಮೂರೂ ಬೇರೆ. ನೀರಿನ ನೋಂದಣಿ ಸಂಖ್ಯೆಯನ್ನು ಮುದ್ರಣದ ಅಂದಕ್ಕಾಗಿ ಉದ್ದಗೆರೆ ಹಾಕಿ ಜೋಡಿಸಿದ್ದರೆ, ಕೀಲಿಮಣೆಯ ಸಣ್ಣಗೆರೆಯಿಂದ ಹುಡುಕಿದವನಿಗೆ ನೀರೂ ಸಿಗುವುದಿಲ್ಲ. ಸೂತ್ರದಲ್ಲಿ ಕೆಳಗೆ ಬರೆದ 2 ಮತ್ತು ಸಾದಾ 2 ಒಂದೇ ಎಂದು ಹುಡುಕಾಟಕ್ಕೆ ತಿಳಿದಿರಬೇಕು. ಇವನ್ನೆಲ್ಲ ಒಂದೇ ರೂಪಕ್ಕೆ ತರುವ ನಿಯಮಗಳು ಯುನಿಕೋಡ್ ಮಾನಕದಲ್ಲೇ ಬಹುಪಾಲು ಇವೆ. ಅಡ್ಡಗೆರೆಗಳಂಥ ಕೆಲವಕ್ಕೆ ಮಾತ್ರ ನಿಮ್ಮದೇ ಸಣ್ಣ ಪಟ್ಟಿ ಬೇಕು. ಒಂದೇ ಎಚ್ಚರಿಕೆ: ಸಮೀಕರಿಸಬೇಕಾದದ್ದು ಹುಡುಕಾಟದ ಪ್ರತಿಯನ್ನು. ತೋರಿಸುವ ಪಠ್ಯವನ್ನು ಮುಟ್ಟಿದಿರೋ ಮೇಲಂಕಿಗಳೆಲ್ಲ ಕೆಳಗಿಳಿದು ಹಿಂದೆ ಹೇಳಿದ 103 ಮತ್ತೆ ಹುಟ್ಟುತ್ತದೆ.

ಕನ್ನಡದ ಪದಕೋಶಗಳನ್ನು ಏರಿಸುವವರಿಗೆ ಪ್ರತ್ಯೇಕವಾಗಿ ನಾಲ್ಕು ಮಾತು ಹೇಳಬೇಕು. ‘ಕೋಶ’ದ ಕೋ ಒಂದೇ ಸ್ವರಚಿಹ್ನೆಯಾಗಿಯೂ ಕೂರಬಹುದು, ಎರಡು ಮೂರು ತುಂಡುಗಳಾಗಿಯೂ ಕೂರಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಪದದ ನಡುವೆ ಒತ್ತಕ್ಷರ ತಡೆಯಲು ಹಾಕುವ ಕಾಣದ ಅಕ್ಷರವೂ ಹುಡುಕಾಟವನ್ನು ಕೆಡಿಸುತ್ತದೆ. ‘ಆಂಗ್‌ಸ್ಟ್ರಾಂ’ ಎಂಬಲ್ಲೇ ಒಂದು ಕೂತಿದೆ. ಯುನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಅಚ್ಚಾದ ಕಡತವನ್ನು ಹಾಗೇ ಏರಿಸಿದರೆ ತೆರೆಯ ಮೇಲೆ ಕನ್ನಡ, ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು. ಹೈಡ್ರೋಜನ್, ಹೈಡ್ರೊಜನ್, ಜಲಜನಕ ಮೂರರಿಂದಲೂ ಒಂದೇ ನಮೂದಿಗೆ ಬರುವಂತಿರಬೇಕು. ಆಮ್ಲಜನಕ ಮತ್ತು ಆಕ್ಸಿಜನ್, ಇಂಗಾಲ ಮತ್ತು ಕಾರ್ಬನ್, ಗಂಧಕ ಮತ್ತು ಸಲ್ಫರ್ ಕೂಡ ಹಾಗೆಯೇ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ‘ಆಮ್ಲಜನಕ’ ಎಂದು ಹುಡುಕಿದವನಿಗೆ ‘ಆಮ್ಲಜನಕದ’, ‘ಆಮ್ಲಜನಕವನ್ನು’ ಇರುವ ಸಾಲುಗಳೂ ಸಿಗಬೇಕು. ಅದೇ ಪ್ರತ್ಯಯ ಕಳಚುವ ನಿಯಮವನ್ನು ಲ್ಯಾಟಿನ್ ಹೆಸರುಗಳಿಗೆ ಹಚ್ಚಿದರೆ ಎರಡು ಬೇರೆ ಜಾತಿಗಳು ಒಂದಾಗುತ್ತವೆ, ಅಲ್ಲಿ ಬಂದ್ ಮಾಡಿ. ಕ್ಷ, ಜ್ಞಗಳನ್ನು ವರ್ಣಮಾಲೆಯ ಕೊನೆಗೆ ಇಡುವ ರೂಢಿಯೂ ಇದೆ, ಕಕಾರ ಜಕಾರಗಳ ಒಳಗೇ ಇಡುವ ರೂಢಿಯೂ ಇದೆ. ಯಾವುದನ್ನಾದರೂ ಹಿಡಿಯಿರಿ, ಆದರೆ ‘ಕ್ಷಾರ’ ಎಲ್ಲಿದೆ ಎಂದು ಮೊದಲ ಪುಟದಲ್ಲೇ ಹೇಳಿಬಿಡಿ.

ಕೊಂಡಿಗಳು ಸಾಯುವುದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಚುಟುಕಾಗಿ ಹೇಳುತ್ತೇವೆ. ನಮೂದಿನ ವಿಳಾಸದಲ್ಲಿ ತಂತ್ರಾಂಶದ ಹೆಸರು, ಫೋಲ್ಡರಿನ ಹೆಸರು, ಲಾಗಿನ್ ಸಂಖ್ಯೆ ಯಾವುದೂ ಇರಕೂಡದು. ಗುರುತುಸಂಖ್ಯೆಯನ್ನು ಒಮ್ಮೆ ಕೊಟ್ಟ ಮೇಲೆ ಇನ್ನೊಂದಕ್ಕೆ ಕೊಡಬಾರದು. ನಮೂದು ರದ್ದಾದರೂ ಅದೇ ವಿಳಾಸದಲ್ಲಿ ಏಕೆ ರದ್ದಾಯಿತು, ಬದಲಿಗೆ ಯಾವುದನ್ನು ನೋಡಬೇಕು ಎಂಬ ಎರಡು ಸಾಲು ಉಳಿಯಬೇಕು. 1964ರಲ್ಲಿ ಅಚ್ಚಾದ ಗಣಿತ ಫಲನಗಳ ಪ್ರಸಿದ್ಧ ಕೈಪಿಡಿಯ ಉತ್ತರಾಧಿಕಾರಿಯಾಗಿ ಅಮೆರಿಕದ ಮಾನಕ ಸಂಸ್ಥೆ 2010ರಲ್ಲಿ ಜಾಲದಲ್ಲಿ ತೆರೆದ ಗಣಿತ ಗ್ರಂಥಭಂಡಾರದಲ್ಲಿ ಒಂದೊಂದು ಸಮೀಕರಣಕ್ಕೂ ಸ್ಥಿರ ಕೊಂಡಿ ಇದೆ, ಮಾಡಿದ ತಿದ್ದುಪಡಿಗಳ ಪಟ್ಟಿಯೂ ಇದೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ಪದಕೋಶದಲ್ಲಿ ಪ್ರತಿ ಪದಕ್ಕೂ ಡಿಒಐ ಎಂಬ ಸ್ಥಿರ ಗುರುತುಸಂಖ್ಯೆ ಇದೆ. ಇಡೀ ಸಂಪುಟಕ್ಕೆ ಒಂದು ಡಿಒಐ ಕೊಟ್ಟು ಸುಮ್ಮನಾಗುವುದು ಇಡೀ ಊರಿಗೆ ಒಂದೇ ಮನೆಸಂಖ್ಯೆ ಕೊಟ್ಟಂತೆ.

ನಮೂದಿನ ವಯಸ್ಸನ್ನೂ ತೋರಿಸಿ. ಅವೊಗಾಡ್ರೊ ಸಂಖ್ಯೆ 1973ರ ಶಿಫಾರಸಿನಂತೆ 6.022045×10²³ ಎಂದಿತ್ತು. 2019ರ ಮೇ 20ರಿಂದ ಅದು 6.02214076×10²³ ಎಂದು ವ್ಯಾಖ್ಯೆಯಿಂದಲೇ ನಿಗದಿಯಾಗಿದೆ. ಉಷ್ಣತೆಯ ಅಂತರರಾಷ್ಟ್ರೀಯ ಮಾಪಕ 1990ರಲ್ಲಿ ಬದಲಾದ ಮೇಲೆ ಸಾಮಾನ್ಯ ವಾಯುಭಾರದಲ್ಲಿ ನೀರಿನ ಕುದಿಬಿಂದು ಸರಿಯಾಗಿ 100 ಡಿಗ್ರಿ ಅಲ್ಲ, ಸುಮಾರು 99.974. ಮುದ್ರಿತ ಪುಸ್ತಕದ ಬೆನ್ನಿನ ಮೇಲೆ ಇಸವಿ ಕಾಣುತ್ತಿತ್ತು, ಕಾಗದದ ಬಣ್ಣವೇ ವಯಸ್ಸು ಹೇಳುತ್ತಿತ್ತು. ಹುಡುಕಾಟದಿಂದ ನೇರವಾಗಿ ಒಂದು ಸಾಲಿಗೆ ಬಂದಿಳಿದವನಿಗೆ ಬಿಳಿ ತೆರೆಯ ಮೇಲೆ ಎಲ್ಲವೂ ನಿನ್ನೆ ಬರೆದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ನಮೂದಿನ ನೆತ್ತಿಯಲ್ಲೇ ಗ್ರಂಥ, ಆವೃತ್ತಿ, ಇಸವಿ, ಮುದ್ರಿತ ಪುಟ ಇರಲಿ. ಪುಸ್ತಕದ ಕೊನೆಯಲ್ಲಿ ಒಪ್ಪೋಲೆ ಇದ್ದರೆ ಅದರ ಒಂದೊಂದು ಸಾಲನ್ನೂ ಸಂಬಂಧಪಟ್ಟ ನಮೂದಿನ ಪಕ್ಕಕ್ಕೆ ತಂದು ಅಂಟಿಸಿ. ಲೇಖಕರೇ ತಪ್ಪೆಂದು ಒಪ್ಪಿದ್ದನ್ನು ನೀವು ಸರಿಯೆಂದು ಹಂಚಬಾರದಲ್ಲ!

ಜಾಲತಾಣಗಳ ಸುಗಮತೆಗೆ 2008ರಿಂದಲೂ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದೇ ಪುಟವನ್ನು ತಲುಪಲು ಒಂದಕ್ಕಿಂತ ಹೆಚ್ಚು ದಾರಿ ಇರಬೇಕೆನ್ನುತ್ತದೆ. ಪರಿವಿಡಿ, ಪದಸೂಚಿ, ಹುಡುಕಾಟ ಮೂರೂ ಇದ್ದರೆ ಅದು ತಾನಾಗಿ ಈಡೇರುತ್ತದೆ. ಸಮೀಕರಣಗಳನ್ನು ಚಿತ್ರವಾಗಿ ಹಾಕಿದರೆ ಕಣ್ಣು ಕಾಣದವರ ಪರದೆ ಓದುವ ತಂತ್ರಾಂಶ ಅಲ್ಲಿ ಮೂಕವಾಗುತ್ತದೆ, ಹುಡುಕಾಟಕ್ಕೂ ಅದು ಸಿಗದು. ಸಮೀಕರಣ ಬರೆಯಲೆಂದೇ 1998ರಿಂದ ಇರುವ ಮ್ಯಾತ್‌ಎಂಎಲ್ ಅನ್ನು ಈಗ ಪ್ರಮುಖ ಬ್ರೌಸರ್‌ಗಳೆಲ್ಲ ತೋರಿಸುತ್ತವೆ, ಹಳೆಯ ನೆಪ ನಡೆಯುವುದಿಲ್ಲ. ಒಂದು ಸಾಲು ನೋಡಲು ನೂರಾರು ಮೆಗಾಬೈಟ್‌ನ ಪಿಡಿಎಫ್ ಇಳಿಸಿಕೊಳ್ಳಿ ಎನ್ನಬೇಡಿ. ಕೇಳಿದ ಪುಟದ ಕೇಳಿದ ಭಾಗವನ್ನು ಮಾತ್ರ ಕಳಿಸುವ ಟ್ರಿಪಲ್ ಐ ಎಫ್ ಎಂಬ ಮುಕ್ತ ಪದ್ಧತಿಯನ್ನು ದೊಡ್ಡ ಗ್ರಂಥಾಲಯಗಳು ಬಳಸುತ್ತಿವೆ.

ಹಣ, ಜನ ಎರಡೂ ಕಡಿಮೆ ಎಂಬ ಉತ್ತರ ನಿರೀಕ್ಷಿಸಿಯೇ ನಮ್ಮ ಕೋರಿಕೆಗೆ ಒಂದು ಸರದಿ ಇಟ್ಟಿದ್ದೇವೆ. ಮುಂದಿನ ಹೊಸ ಸಂಪುಟ ಸ್ಕ್ಯಾನ್ ಮಾಡುವ ಮೊದಲು, ಈಗಾಗಲೇ ಏರಿಸಿದವುಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಒಂದನ್ನು ಆರಿಸಿ. ಅದಕ್ಕೆ ಪುಟಗಳ ಪಟ್ಟಿ ಮಾಡಿ, ಪದಸೂಚಿ ಟೈಪ್ ಮಾಡಿಸಿ. ಇಷ್ಟಾದರೆ ಪುಸ್ತಕ ಬಳಕೆಗೆ ಬಂತು. ಆಮೇಲೆ ನಮೂದುಗಳಿಗೆ ಸ್ಥಿರ ವಿಳಾಸ, ಅದಾದ ಮೇಲೆ ಹೆಸರುಗಳ ಕೋಷ್ಟಕ, ಅನಂತರ ಅಂಕಿಗಳ ಪರೀಕ್ಷೆ. ಪಠ್ಯವನ್ನು ಪೂರ್ತಿ ತಿದ್ದುವುದು ವರ್ಷಗಟ್ಟಲೆ ನಡೆಯಲಿ, ಅವಸರವಿಲ್ಲ. ಮುಖಪುಟದಲ್ಲಿ ತಾವಾಗಿ ಸರಿಯುವ ಬಣ್ಣದ ಚಿತ್ರಗಳಿಗೆ ಸರದಿಯ ಕೊನೆಯಲ್ಲೂ ನಾವು ಜಾಗ ಇಟ್ಟಿಲ್ಲ.

ಕೆಲಸ ಸರಿಯಾಯಿತೇ ಎಂದು ನೋಡಲು ತಂಡದ ಹೊರಗಿನ ಒಬ್ಬರನ್ನು ಕೂರಿಸಿ ಐದು ಪ್ರಶ್ನೆ ಕೊಡಿ: ಒಂದು ಹಳೆಯ ಉಲ್ಲೇಖದ ಪುಟ, ಈಗ ಹೆಸರು ಬದಲಾದ ಒಂದು ಜಾತಿ, ಮಾನಸಹಿತ ಒಂದು ಅಂಕಿ, ಕೀಲಿಯಲ್ಲಿ ತಪ್ಪು ಹಾದಿ ಹಿಡಿದು ಹಿಂದಿರುಗುವುದು, ಕನ್ನಡ ಪದದಿಂದ ಒಂದು ಪಾರಿಭಾಷಿಕ ನಮೂದು. ನೀವು ಪಕ್ಕದಲ್ಲಿ ಕೂತು ಒಂದು ಮಾತನ್ನೂ ಆಡದೆ ನೋಡಿ. ಎಲ್ಲಿ ಅವರ ಕೈ ನಿಲ್ಲುತ್ತದೋ ಅಲ್ಲಿ ದಾರಿ ಕಡಿದಿದೆ.

ಕೊನೆಯದಾಗಿ, ಪ್ರತಿ ನಮೂದಿನ ಕೆಳಗೆ ‘ತಪ್ಪು ತಿಳಿಸಿ’ ಎಂಬ ಒಂದು ಗುಂಡಿ ಇಡಿ. ಅದನ್ನು ಒತ್ತಿದಾಗ ನಮೂದಿನ ಗುರುತುಸಂಖ್ಯೆ ತಾನೇ ತುಂಬಿಕೊಂಡಿರಲಿ, ಲಾಗಿನ್ ಕೇಳಬೇಡಿ, ಬಂದ ದೂರುಗಳನ್ನೂ ಅವುಗಳಿಗೆ ಏನು ಮಾಡಿದಿರಿ ಎಂಬುದನ್ನೂ ಎಲ್ಲರಿಗೂ ಕಾಣುವಂತೆ ಇಡಿ. ಪದಸೂಚಿ ಟೈಪ್ ಮಾಡಲು, ತಾಳೆ ನೋಡಲು ನಮ್ಮಲ್ಲಿ ಸಿದ್ಧರಿರುವವರಿದ್ದಾರೆ. ಯಾವ ಸಂಪುಟದಿಂದ ಶುರುಮಾಡುತ್ತೀರೆಂದು ತಿಳಿಸಿದರೆ ಸಾಕು.

ಇತಿ,
ತಮ್ಮ ವಿಶ್ವಾಸಿಗಳು,
ಈ ಗ್ರಂಥಗಳನ್ನು ದಿನವೂ ತೆರೆದು ನೋಡುವ ಓದುಗರು, ಪದಸೂಚಿಕಾರರು